ಗುಲಾಬಿ, ನೀಲಿ, ಕಂದು: ಇಲಿಯ ಗರ್ಭಕೋಶ ಹೇಳಿದ್ದು, ಹೇಳದೆ ಬಿಟ್ಟದ್ದು

ಸುಂಡಿಲಿಗೆ ಮುಟ್ಟಾಗುವುದಿಲ್ಲ. ಹಸುವಿಗೆ, ಎಮ್ಮೆಗೆ, ಕುರಿಗೆ, ಬೆಕ್ಕಿಗೂ ಆಗುವುದಿಲ್ಲ. ಹೆಣ್ಣುನಾಯಿ ಬೆದೆಗೆ ಬರುವ ಹೊತ್ತಿಗೆ ರಕ್ತ ಜಿನುಗುವುದನ್ನು ಕಂಡವರು ತಕರಾರು ತೆಗೆಯಬಹುದು. ಆದರೆ ಅಲ್ಲಿ ಗರ್ಭಕೋಶದ ಒಳಪದರ ಕಳಚಿ ಬೀಳುವುದಿಲ್ಲ. ಉಬ್ಬಿದ ಪದರದ ಸಣ್ಣ ನಾಳಗಳಿಂದ ರಕ್ತ ಒಸರುತ್ತದೆ, ಅಷ್ಟೆ. ಕಾಲಕಾಲಕ್ಕೆ ಒಳಪದರವನ್ನೇ ಕಳಚಿ ಹೊರಹಾಕುವ ಪ್ರಾಣಿಗಳು ಬಹಳ ಕಡಿಮೆ. ಮನುಷ್ಯರು, ವಾನರರು, ಹಳೆ ಖಂಡಗಳ ಕೋತಿಗಳು, ಕೆಲವು ಬಾವಲಿಗಳು, ಎಲಿಫೆಂಟ್ ಶ್ರೂ ಎಂಬ ಉದ್ದ ಮೂತಿಯ ಆಫ್ರಿಕದ ಪುಟ್ಟ ಪ್ರಾಣಿ. ಈ ಪಟ್ಟಿಗೆ ಮುಳ್ಳುಗೂದಲಿನ ಸ್ಪೈನಿ ಮೌಸ್ ಕೂಡ ಸೇರುತ್ತದೆ ಎಂದು ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದವರು ತೋರಿಸಿದ್ದು ತೀರಾ ಈಚೆಗೆ, 2017ರಲ್ಲಿ.

ಹೀಗಿದ್ದೂ, ಮುಟ್ಟಿನೊಂದಿಗೆ ನೇರ ನಂಟಿರುವ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆಯ ಬಗ್ಗೆ ಪ್ರಯೋಗಾಲಯಗಳಲ್ಲಿ ಕಲಿತದ್ದರಲ್ಲಿ ದೊಡ್ಡ ಪಾಲು ಮುಟ್ಟೇ ಆಗದ ಇಲಿ, ಸುಂಡಿಲಿಗಳಿಂದ ಬಂದದ್ದು. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಹೊಟ್ಟೆಯ ಒಳಪೊರೆಯ ಮೇಲೆ, ಕರುಳಿನ ಮಗ್ಗುಲಲ್ಲಿ ಬೇರೂರಿ ಬೆಳೆಯುವುದು ಈ ಕಾಯಿಲೆ. ಸ್ಕ್ಯಾನಿಂಗ್ ವರದಿಯಲ್ಲಿ 'ಚಾಕೊಲೇಟ್ ಸಿಸ್ಟ್' ಎಂದು ಬರೆದಿರುವುದನ್ನು ನಮ್ಮಲ್ಲಿ ಎಷ್ಟೋ ಮನೆಗಳವರು ನೋಡಿದ್ದಾರೆ. ಅದು ಅಂಡಾಶಯದಲ್ಲಿ ಕೂತ ಎಂಡೊಮೆಟ್ರಿಯೋಸಿಸ್. ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ಹತ್ತರಲ್ಲಿ ಒಬ್ಬರಿಗೆ, ಅಂದರೆ ಜಗತ್ತಿನಾದ್ಯಂತ ಸುಮಾರು 19 ಕೋಟಿ ಜನರಿಗೆ ಇದು ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮುಟ್ಟಿನ ದಿನಗಳಲ್ಲಿ ಎದ್ದು ನಿಲ್ಲಲಾಗದ ನೋವು, ಬಸಿರು ನಿಲ್ಲದಿರುವುದು ಇದರ ಮುಖ್ಯ ಲಕ್ಷಣಗಳು. ನೋವು ಶುರುವಾದ ಮೇಲೆ ಕಾಯಿಲೆಯ ಹೆಸರು ತಿಳಿಯುವುದರೊಳಗೆ ವರ್ಷಗಳೇ ಕಳೆದಿರುತ್ತವೆ.

ಅಮೆರಿಕದ ಆಲ್ಬನಿಯಲ್ಲಿ ಶಸ್ತ್ರವೈದ್ಯನಾಗಿದ್ದ ಜಾನ್ ಸ್ಯಾಂಪ್ಸನ್ 1920ರ ದಶಕದಲ್ಲಿ ಇದಕ್ಕೊಂದು ಕಾರಣ ಸೂಚಿಸಿದ. ಮುಟ್ಟಿನ ರಕ್ತದ ಒಂದಷ್ಟು ಭಾಗ ಹೊರಬರುವ ಬದಲು ಅಂಡನಾಳಗಳ ಮೂಲಕ ಹಿಮ್ಮುಖವಾಗಿ ಹೊಟ್ಟೆಯೊಳಕ್ಕೆ ಹರಿಯುತ್ತದೆ, ಅದರ ಜೊತೆ ಹೋದ ಜೀವಕೋಶಗಳು ಅಲ್ಲಿ ಅಂಟಿ ಬೆಳೆಯುತ್ತವೆ ಎಂಬುದು ಅವನ ವಾದ. ಇವತ್ತಿಗೂ ಹೆಚ್ಚಿನವರು ಒಪ್ಪುವುದು ಇದನ್ನೇ. ದೊಡ್ಡ ತೊಡಕೊಂದಿದೆ: ಹಿಮ್ಮುಖ ಹರಿವು ಬಹುಪಾಲು ಹೆಂಗಸರಲ್ಲಿ ಆಗುತ್ತದೆ, ಕಾಯಿಲೆ ಮಾತ್ರ ಎಲ್ಲರಿಗೂ ಬರುವುದಿಲ್ಲ. ಯಾರಲ್ಲಿ ಅಂಟುತ್ತದೆ, ಯಾಕೆ ಅಂಟುತ್ತದೆ ಎಂದು ಜೀವಂತ ಹೆಂಗಸಿನ ಹೊಟ್ಟೆಯನ್ನು ವಾರ ವಾರ ತೆರೆದು ನೋಡುವಂತಿಲ್ಲ. ಪ್ರಾಣಿಗಳ ಮೊರೆ ಹೋದದ್ದು ಅದಕ್ಕೆ. ಪ್ರಾಣಿಯ ಗರ್ಭಕೋಶದಲ್ಲಿ ಏನಾಗಿದೆ ಎಂದು ತಿಳಿಯಬೇಕಾದರೆ ಅದನ್ನು ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ, ಮೈಕ್ರೊಸ್ಕೋಪಿನಡಿ ಇಡಬೇಕು. ಆ ಬಣ್ಣಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಇಲ್ಲಿರುವ ಪ್ರಶ್ನೆ.

ಕೆಂಪು ತಿರುಳಿನ ಮರ, ನಲ್ಲಿಯ ನೀರು

ಬಣ್ಣವಿಲ್ಲದ ಅಂಗಾಂಶದಲ್ಲಿ ಕಾಣುವಂಥದ್ದು ಬಹಳ ಕಡಿಮೆ. ಸುಂಡಿಲಿಯ ಗರ್ಭಕೋಶವನ್ನು ಹೊರತೆಗೆದ ಕೂಡಲೇ ಫಾರ್ಮಲಿನ್‌ನಲ್ಲಿ ಮುಳುಗಿಸುತ್ತಾರೆ. ತಡವಾದರೆ ಜೀವಕೋಶಗಳು ತಮ್ಮನ್ನು ತಾವೇ ಕರಗಿಸಿಕೊಳ್ಳಲು ಶುರುಮಾಡುತ್ತವೆ. ಹೆಚ್ಚುಕಡಿಮೆ ಒಂದು ದಿನ ಫಾರ್ಮಲಿನ್, ಆಮೇಲೆ ಸಾಂದ್ರತೆ ಏರುತ್ತ ಹೋಗುವ ಆಲ್ಕೋಹಾಲ್‌ಗಳಲ್ಲಿ ನೀರು ತೆಗೆಯುವುದು, ಆಮೇಲೆ ಕ್ಸೈಲೀನ್, ಕೊನೆಗೆ ಸುಮಾರು 60 ಡಿಗ್ರಿಯಲ್ಲಿ ಕರಗಿದ ಪ್ಯಾರಾಫಿನ್ ಮೇಣ. ಮೇಣ ಗಟ್ಟಿಯಾದ ಮೇಲೆ ಆ ಅಚ್ಚನ್ನು ಮೈಕ್ರೊಟೋಮ್ ಎಂಬ ಯಂತ್ರಕ್ಕೆ ಸಿಕ್ಕಿಸಿ ನಾಲ್ಕೈದು ಮೈಕ್ರಾನ್ ದಪ್ಪದ ಪದರ ಕತ್ತರಿಸುತ್ತಾರೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅಂಥ ನಾಲ್ಕೈದು ಪಾಲು. ಬ್ಲೇಡಿನಿಂದ ರಿಬ್ಬನ್ನಿನ ಹಾಗೆ ಹೊರಬರುವ ಈ ಪದರಗಳನ್ನು ಬಿಸಿನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಡಿಸಿ, ಕೆಳಗಿನಿಂದ ಗಾಜಿನ ಸ್ಲೈಡ್ ತೂರಿಸಿ ಎತ್ತಿಕೊಳ್ಳಬೇಕು. ಉಸಿರು ತಾಕಿದರೂ ಪದರ ಮಡಚಿಕೊಳ್ಳುತ್ತದೆ. ಈ ಕೆಲಸದಲ್ಲಿ ಪಳಗಿದ ಟೆಕ್ನೀಷಿಯನ್‌ಗಳ ಹೆಸರು ಪ್ರಬಂಧಗಳ ಲೇಖಕರ ಸಾಲಿನಲ್ಲಿ ಕಾಣುವುದು ಅಪರೂಪ. ಇರಬೇಕಿತ್ತು ಎಂದು ನನಗನ್ನಿಸುತ್ತದೆ. ಮಡಚಿದ ಪದರದ ಮೇಲೆ ಯಾವ ಪ್ರೊಫೆಸರೂ ಏನನ್ನೂ ಓದಲಾರರು.

ಮೊದಲು ಹಾಕುವ ಬಣ್ಣ ಪ್ರಪಂಚದ ಎಲ್ಲ ಪೆಥಾಲಜಿ ಲ್ಯಾಬುಗಳಲ್ಲೂ ಒಂದೇ: 'ಎಚ್ ಅಂಡ್ ಇ'. ಹಿಮಟಾಕ್ಸಿಲಿನ್ ಮತ್ತು ಇಯೋಸಿನ್. ಹಿಮಟಾಕ್ಸಿಲಿನ್ ಬರುವುದು ಮೆಕ್ಸಿಕೊದ ಕಂಪೇಚೆ ಸೀಮೆಯ ಲಾಗ್‌ವುಡ್ ಮರದ ಕೆಂಪು ತಿರುಳಿನಿಂದ. ಒಂದು ಕಾಲಕ್ಕೆ ಯುರೋಪಿನ ಬಟ್ಟೆಗೆ ಬಣ್ಣ ಹಾಕಲು ಹಡಗುಗಟ್ಟಲೆ ಸಾಗಿದ ಮರ ಅದು. ನಮ್ಮ ಕಡೆಯ ಪತಂಗದ ಮರವೂ, ಅಂದರೆ ಕೇರಳದ ಹೋಟೆಲುಗಳಲ್ಲಿ ಕುಡಿಯುವ ನೀರಿಗೆ ತಿಳಿಗೆಂಪು ಕೊಡುವ ಚಕ್ಕೆ ಯಾವ ಮರದ್ದೋ ಅದೂ, ಲಾಗ್‌ವುಡ್ಡಿನ ದಾಯಾದಿಯೇ. ಅದರ ಬ್ರೆಜಿಲಿನ್‌ಗೂ ಇದರ ಹಿಮಟಾಕ್ಸಿಲಿನ್‌ಗೂ ರಾಸಾಯನಿಕವಾಗಿ ಒಂದು ಹೈಡ್ರಾಕ್ಸಿಲ್ ಗುಂಪಿನಷ್ಟೇ ವ್ಯತ್ಯಾಸ. ಬಟ್ಟೆ ಬಣ್ಣಗಾರರು ಬಣ್ಣ ನಿಲ್ಲಲು ಪಟಿಕ ಬಳಸುತ್ತಿದ್ದರಲ್ಲ, ಲ್ಯಾಬಿನಲ್ಲೂ ಅದೇ ಪಟಿಕ. 1860ರ ದಶಕದಲ್ಲಿ ಜರ್ಮನರು ಪಟಿಕ ಬೆರೆಸಿದ ಮೇಲೆಯೇ ಈ ಬಣ್ಣ ಅಂಗಾಂಶದ ಮೇಲೆ ನೆಟ್ಟಗೆ ನಿಂತದ್ದು. ಇಯೋಸಿನ್ ಮಾತ್ರ ಕಾರ್ಖಾನೆಯ ಕೂಸು. 1870ರ ದಶಕದ ಜರ್ಮನ್ ರಾಸಾಯನಿಕ ಉದ್ಯಮದ್ದು.

ಹಿಮಟಾಕ್ಸಿಲಿನ್ ಕೋಶಕೇಂದ್ರವನ್ನು ಹಿಡಿಯುತ್ತದೆ. ಅದ್ದಿ ತೆಗೆದಾಗ ಕೆನ್ನೇರಳೆ ಕೆಂಪಾಗಿರುವ ಪದರವನ್ನು ನಲ್ಲಿಯ ನೀರಿನಲ್ಲಿ ಕೆಲವು ನಿಮಿಷ ಬಿಟ್ಟರೆ ನೀಲಿಗೆ ತಿರುಗುತ್ತದೆ. ಲ್ಯಾಬಿನವರ ಬಾಯಲ್ಲಿ ಇದು 'ಬ್ಲೂಯಿಂಗ್'. ಇದಕ್ಕೆ ಬೇಕಾದದ್ದು ನೀರಿನ ತುಸು ಕ್ಷಾರಗುಣ. ಗಡಸು ನೀರು ಬರುವ ಊರಿನಲ್ಲಿ ಕೆಲಸ ಸಲೀಸು. ನೀರು ಮೆದುವಾಗಿದ್ದರೆ, ಆಮ್ಲದ ಕಡೆ ವಾಲಿದ್ದರೆ, ಸೋಡಿಯಂ ಬೈಕಾರ್ಬನೇಟ್, ಮೆಗ್ನೀಸಿಯಂ ಸಲ್ಫೇಟ್ ಕರಗಿಸಿದ ಬದಲಿ ದ್ರಾವಣ ಮಾಡಿಕೊಳ್ಳಬೇಕು. ಒಂದೇ ಅಚ್ಚಿನಿಂದ ಕತ್ತರಿಸಿದ ಎರಡು ಪದರ ಎರಡು ಊರುಗಳಲ್ಲಿ ಬೇರೆ ಬೇರೆ ನೀಲಿಯಾಗಿ ಕಾಣಲು ಇಷ್ಟು ಸಾಕು. ಆಮೇಲೆ ಇಯೋಸಿನ್, ಉಳಿದದ್ದಕ್ಕೆಲ್ಲ ಗುಲಾಬಿ.

ಯಾವ ದಿನದ ಗರ್ಭಕೋಶ?

ಸುಂಡಿಲಿಯ ಗರ್ಭಕೋಶ ಕವಣೆಯ ಕವೆಯ ಹಾಗೆ ಇಬ್ಭಾಗ. ಎರಡು ಉದ್ದ ಕೊಂಬುಗಳು ಕೆಳಗೆ ಬಂದು ಕೂಡುತ್ತವೆ. ಅಡ್ಡ ಕೊಯ್ದು ಬಣ್ಣ ಹಾಕಿದರೆ ನಡುವೆ ಸೀಳಿನಂಥ ಪೊಳ್ಳು, ಸುತ್ತ ಎತ್ತರದ ಕೋಶಗಳ ಒಂದು ಸಾಲು, ಅದರಾಚೆ ನೀಲಿ ಚುಕ್ಕಿಗಳು ಕಿಕ್ಕಿರಿದಿರುವ, ಸ್ಟ್ರೋಮ ಎಂಬ ಆಧಾರ ಅಂಗಾಂಶ, ಅದರ ನಡುವೆ ಉಂಗುರಗಳ ಹಾಗೆ ಗ್ರಂಥಿಗಳು, ಹೊರಗೆ ಗುಲಾಬಿ ಸ್ನಾಯುವಿನ ಎರಡು ಪದರ.

ನೋಡಬೇಕಾದದ್ದು ಇಷ್ಟೇ ಆಗಿದ್ದರೆ ಕಲಿಯುವುದು ಸುಲಭವಿತ್ತು. ಆದರೆ ಸುಂಡಿಲಿ ನಾಲ್ಕೈದು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಈಸ್ಟ್ರೋಜೆನ್ ಏರುವ ದಿನ ಗರ್ಭಕೋಶ ನೀರು ತುಂಬಿಕೊಂಡು ಊದುತ್ತದೆ, ಒಳಸಾಲಿನ ಕೋಶಗಳು ಎತ್ತರವಾಗುತ್ತವೆ, ವಿಭಜನೆಯಾಗುತ್ತಿರುವ ಕೋಶಗಳು ಎಲ್ಲೆಂದರಲ್ಲಿ ಕಾಣುತ್ತವೆ. ಎರಡು ದಿನ ಬಿಟ್ಟು ನೋಡಿದರೆ ಅದೇ ಅಂಗ ಬತ್ತಿ ತೆಳ್ಳಗಾಗಿರುತ್ತದೆ. ಇಲಿಯಲ್ಲಂತೂ ಬೆದೆಯ ಹೊತ್ತಿಗೆ ಇಯೋಸಿನೊಫಿಲ್ ಎಂಬ ಬಿಳಿರಕ್ತಕಣಗಳು ಗರ್ಭಕೋಶಕ್ಕೆ ದಂಡೆತ್ತಿ ಬರುತ್ತವೆ. ಅರಿಯದವರು ಸ್ಲೈಡ್ ನೋಡಿದರೆ ಜೋರಾದ ಉರಿಯೂತ ಎಂದೇ ಬರೆದಾರು. ಔಷಧಿ ಕೊಟ್ಟ ಗುಂಪಿನ ಇಲಿಗಳು ಒಂದು ದಿನದಲ್ಲಿದ್ದು, ಕೊಡದ ಗುಂಪಿನವು ಇನ್ನೊಂದು ದಿನದಲ್ಲಿದ್ದರೆ ಎರಡು ಸ್ಲೈಡುಗಳ ನಡುವಿನ ವ್ಯತ್ಯಾಸ ಔಷಧಿಯದ್ದೋ ಬೆದೆಯದ್ದೋ ಹೇಳಲಾಗದು. ಕಾಯಿಲೆಯ ಬಣ್ಣಕ್ಕಿಂತ ಮೊದಲು ದಿನದ ಲೆಕ್ಕ ಬೇಕು.

ಈ ಲೆಕ್ಕ ಹೇಗೆ ಸಿಕ್ಕಿತು ಎಂಬುದು ವೈದ್ಯಚರಿತ್ರೆಯ ಸೊಗಸಾದ ಕತೆಗಳಲ್ಲಿ ಒಂದು. ಗ್ರೀಸಿನಿಂದ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ್ದ ಜಾರ್ಜ್ ಪಪಾನಿಕೊಲಾವ್‌ಗೆ ಗಿನಿಪಿಗ್‌ಗಳ ಅಂಡ ಸರಿಯಾದ ಹಂತದಲ್ಲಿ ಬೇಕಿತ್ತು. ಯಾವ ದಿನ ಕೊಯ್ದರೆ ಸಿಗುತ್ತದೆ ಎಂದು ಹೊರಗಿನಿಂದ ಗೊತ್ತಾಗುತ್ತಿರಲಿಲ್ಲ, ಪ್ರಾಣಿಗಳು ಸುಮ್ಮನೆ ಸಾಯುತ್ತಿದ್ದವು. ಅವನು ಮೂಗು ಪರೀಕ್ಷೆಗೆ ಬಳಸುವ ಪುಟ್ಟ ಸ್ಪೆಕ್ಯುಲಮ್ ತಂದು, ಗಿನಿಪಿಗ್‌ನ ಯೋನಿಯ ಲೋಳೆಯನ್ನು ದಿನವೂ ತೆಗೆದು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನೋಡಿದ. ಸುಮಾರು 16 ದಿನದ ಚಕ್ರ ಪೂರ್ತಿ ಆ ಕೋಶಗಳಲ್ಲೇ ಬರೆದಿತ್ತು. ಬೆದೆಗೆ ಮುಂಚೆ ಕೇಂದ್ರ ಕಾಣುವ ದುಂಡು ಕೋಶಗಳು, ಬೆದೆಯಲ್ಲಿ ಕೇಂದ್ರ ಕಳೆದುಕೊಂಡು ಒಣಗಿದ ಚಕ್ಕೆಗಳು, ಆಮೇಲೆ ಬಿಳಿರಕ್ತಕಣಗಳ ಸಂತೆ. 1917ರಲ್ಲಿ ಚಾರ್ಲ್ಸ್ ಸ್ಟಾಕರ್ಡ್ ಜೊತೆ ಅವನು ಇದನ್ನು ಪ್ರಕಟಿಸಿದ. ಇನ್ನೈದು ವರ್ಷದೊಳಗೆ ಇಲಿಗೂ ಸುಂಡಿಲಿಗೂ ಇಂಥದೇ ಲೆಕ್ಕ ಸಿದ್ಧವಾಯಿತು. ಇವತ್ತಿಗೂ ಪ್ರಾಣಿಶಾಲೆಗಳಲ್ಲಿ ಬೆಳಿಗ್ಗೆ ಮೊದಲ ಕೆಲಸ ಅದೇ ಸವರು.

ಪಪಾನಿಕೊಲಾವ್ ಅಲ್ಲಿಗೇ ನಿಲ್ಲಲಿಲ್ಲ. ಹೆಂಡತಿ ಆಂಡ್ರೊಮಾಖಿಯ ಸವರನ್ನೂ ನೋಡತೊಡಗಿದ. ಆಕೆ ವರ್ಷಗಟ್ಟಲೆ ಅದಕ್ಕೆ ಒಪ್ಪಿದಳು. ಮುಂದೆ ಬೇರೆ ಹೆಂಗಸರ ಸವರಿನಲ್ಲಿ ಕ್ಯಾನ್ಸರ್ ಕೋಶಗಳು ಕಂಡವು. 1928ರಲ್ಲಿ ಹೇಳಿದಾಗ ಯಾರೂ ಕಿವಿಗೊಡಲಿಲ್ಲ, 1943ರಲ್ಲಿ ಹರ್ಬರ್ಟ್ ಟ್ರಾಟ್ ಜೊತೆ ಪುಸ್ತಕ ಬಂದ ಮೇಲೆ ಜಗತ್ತು ಒಪ್ಪಿತು. ಅದೇ ಪ್ಯಾಪ್ ಪರೀಕ್ಷೆ. ಗಿನಿಪಿಗ್‌ನ ದಿನ ಗೊತ್ತುಮಾಡಲು ಹುಟ್ಟಿದ ಬಣ್ಣದ ಕೆಲಸ ಗರ್ಭಕೊರಳಿನ ಕ್ಯಾನ್ಸರಿನಿಂದ ಲಕ್ಷಾಂತರ ಹೆಂಗಸರನ್ನು ಉಳಿಸಿತು. ಪ್ರಾಣಿಪ್ರಯೋಗದಿಂದ ಏನು ಬಂತು ಎಂದು ಕೇಳುವವರಿಗೆ ಕೊಡಬಹುದಾದ ಉತ್ತರಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಕಡಿಮೆ.

ಇಲ್ಲದ ಕಾಯಿಲೆಯನ್ನು ತರಿಸುವುದು

ಕೆಲವು ಗರ್ಭಕೋಶದ ರೋಗಗಳು ಪ್ರಾಣಿಗಳಿಗೆ ತಾವಾಗಿಯೇ ಬರುತ್ತವೆ. ನಾಯಿ ಸಾಕಿದವರಿಗೆ ಪಯೋಮೆಟ್ರಾ ಗೊತ್ತು, ಗರ್ಭಕೋಶದಲ್ಲಿ ಕೀವು ತುಂಬುವುದು. ಸಂತಾನಹರಣ ಮಾಡಿಸದ ಹೆಣ್ಣುನಾಯಿಗಳಲ್ಲಿ ಹತ್ತು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಕಾಲುಭಾಗಕ್ಕೆ ಅದು ಬರುತ್ತದೆ ಎಂದು ಸ್ವೀಡನ್ನಿನ ವಿಮೆ ದಾಖಲೆಗಳಿಂದ ತಿಳಿದಿದೆ. ವಯಸ್ಸಾದ ಹೆಣ್ಣು ಮೊಲಗಳಿಗೆ ಗರ್ಭಕೋಶದ ಕ್ಯಾನ್ಸರ್ ಮಾಮೂಲು; ಹ್ಯಾರಿ ಗ್ರೀನ್ ಎಂಬ ಅಮೆರಿಕದ ರೋಗವಿಜ್ಞಾನಿ 1930ರ ದಶಕದಿಂದ ಅದನ್ನು ಅಭ್ಯಸಿಸಿದ. ನಾರ್ವೆಯ ಐಕರ್ ಹೆಸರಿನ ಇಲಿ ತಳಿಯಲ್ಲಿ ಒಂದು ಜೀನ್ ಕೆಟ್ಟಿರುವುದರಿಂದ ಹೆಚ್ಚಿನವಕ್ಕೆ ಫೈಬ್ರಾಯ್ಡ್ ಗಡ್ಡೆಗಳು ಏಳುತ್ತವೆ.

ಎಂಡೊಮೆಟ್ರಿಯೋಸಿಸ್ ಮಾತ್ರ ಮುಟ್ಟಾಗುವ ಪ್ರಾಣಿಗಳದ್ದು. ಬಬೂನ್‌ಗಳಿಗೆ ತಾನಾಗಿ ಬರುತ್ತದೆ, ರೀಸಸ್ ಕೋತಿಗಳಿಗೂ ಬರುತ್ತದೆ. ಡಯಾಕ್ಸಿನ್ ಎಂಬ ವಿಷವಸ್ತು ತಿಂದ ರೀಸಸ್‌ಗಳಲ್ಲಿ ಪ್ರಮಾಣ ಹೆಚ್ಚಿದಷ್ಟೂ ಕಾಯಿಲೆ ಹೆಚ್ಚೆಂದು 1993ರ ಒಂದು ವರದಿ ಹೇಳಿದಾಗ ದೊಡ್ಡ ಗುಲ್ಲೆದ್ದಿತ್ತು. ಆದರೆ ಕೋತಿ ಸಾಕುವುದು ದುಬಾರಿ, ನಿಧಾನ, ಮೇಲಾಗಿ ಮನಸ್ಸಿಗೆ ಕಷ್ಟ. ಹಾಗಾಗಿ 1985ರಲ್ಲಿ ಮೈಕೆಲ್ ವರ್ನನ್ ಮತ್ತು ಎಮರಿ ವಿಲ್ಸನ್ ಇಲಿಯ ಒಂದು ಗರ್ಭಕೊಂಬನ್ನು ಕತ್ತರಿಸಿ, ಅದರ ಚೂರುಗಳನ್ನು ಅದೇ ಇಲಿಯ ಕರುಳಿನ ಬಳಿಯ ರಕ್ತನಾಳಗಳ ಮೇಲೆ ಹೊಲಿದು ನೋಡಿದರು. ಚೂರುಗಳು ಸಾಯಲಿಲ್ಲ, ಹೊಸ ರಕ್ತನಾಳ ಪಡೆದು, ನೀರು ತುಂಬಿದ ಗುಳ್ಳೆಗಳಾಗಿ ಬೆಳೆದವು. ಅಂಡಾಶಯ ತೆಗೆದರೆ ಕುಗ್ಗಿದವು. ಸುಂಡಿಲಿಗಳಲ್ಲಿ ಹೊಲಿಗೆಯೂ ಬೇಡ: ಒಂದರ ಗರ್ಭಕೋಶವನ್ನು ಸಣ್ಣಗೆ ಕೊಚ್ಚಿ ಇನ್ನೊಂದರ ಹೊಟ್ಟೆಗೆ ಚುಚ್ಚಿದರೆ ಸಾಕು.

ಸುಂಡಿಲಿಗೆ ಮುಟ್ಟಾಗುವುದಿಲ್ಲವಲ್ಲ ಎಂಬ ಕೊರತೆಗೂ ಉಪಾಯ ಸಿಕ್ಕಿದೆ. 1984ರಲ್ಲಿ ಕಾಲಿನ್ ಫಿನ್ ಮತ್ತು ಪೋಪ್ ತೋರಿಸಿದ ದಾರಿ: ಅಂಡಾಶಯ ತೆಗೆದು, ಹೊರಗಿನಿಂದ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನ್ ಕೊಟ್ಟು, ಗರ್ಭಕೋಶಕ್ಕೆ ಒಂದಿಷ್ಟು ಎಣ್ಣೆ ಚುಚ್ಚಿ ಭ್ರೂಣ ಬಂದಂತೆ ಭ್ರಮೆ ಹುಟ್ಟಿಸಿ, ಒಳಪದರ ದಪ್ಪಗಾದ ಮೇಲೆ ಪ್ರೊಜೆಸ್ಟರಾನ್ ನಿಲ್ಲಿಸಿಬಿಡುವುದು. ಪದರ ಕಳಚುತ್ತದೆ. ಹೀಗೆ ಕಳಚುವ ಪದರವನ್ನೇ ತೆಗೆದು ಬೇರೆ ಸುಂಡಿಲಿಗಳ ಹೊಟ್ಟೆಗೆ ಹಾಕುವ ಮಾದರಿಯನ್ನು ಎಡಿನ್‌ಬರಾದ ತಂಡ 2014ರಲ್ಲಿ ಪ್ರಕಟಿಸಿತು. ಸ್ಯಾಂಪ್ಸನ್ ಹೇಳಿದ್ದಕ್ಕೆ ಇದು ಇಲಿ ಮಾದರಿಗಳಲ್ಲೆಲ್ಲ ಹೆಚ್ಚು ಹತ್ತಿರ.

ಭಾರತದಲ್ಲಿ ಇಂಥ ಪ್ರಯೋಗಕ್ಕೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಇರಲೇಬೇಕು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅದಕ್ಕೆ ನಿಯಮಗಳಿವೆ. ಎಷ್ಟು ಪ್ರಾಣಿ, ಯಾಕೆ ಅಷ್ಟು ಎಂದು ಲೆಕ್ಕ ಒಪ್ಪಿಸಬೇಕು. ಒಂದೇ ಅಚ್ಚಿನಿಂದ ನೂರಾರು ಪದರ ಕತ್ತರಿಸಬಹುದಾದ್ದರಿಂದ, ಇದ್ದ ಅಂಗಾಂಶವನ್ನು ಪೂರ್ತಿ ಬಳಸಿದರೆ ಹೊಸ ಪ್ರಾಣಿಯ ಅಗತ್ಯವೇ ಎಷ್ಟೋ ಸಲ ಬೀಳುವುದಿಲ್ಲ.

ಹೊಟ್ಟೆಯೊಳಗೆ ಬೆಳೆದದ್ದು ನಿಜಕ್ಕೂ ಎಂಡೊಮೆಟ್ರಿಯೋಸಿಸ್ ಎಂದು ಹೇಗೆ ನಿರ್ಧರಿಸುವುದು? ಎಚ್ ಅಂಡ್ ಇ ಸ್ಲೈಡಿನಲ್ಲಿ ಗ್ರಂಥಿ ಮತ್ತು ಸ್ಟ್ರೋಮ ಎರಡೂ ಕಾಣಬೇಕು. ಹಳೆಯ ರಕ್ತಸ್ರಾವದ ಕುರುಹಾದ ಕಬ್ಬಿಣ ಇದೆಯೇ ಎಂದು ನೋಡಲು ಪರ್ಲ್ಸ್ ಬಣ್ಣ ಹಾಕುತ್ತಾರೆ; 1867ರಷ್ಟು ಹಳೆಯದು, ಕಬ್ಬಿಣವಿದ್ದ ಕಡೆ ಕಡುನೀಲಿ. ಉರಿಯೂತದಲ್ಲಿ ಪಾಲ್ಗೊಳ್ಳುವ ಮಾಸ್ಟ್ ಕೋಶಗಳಿಗೆ ಟೊಲ್ಯುಡಿನ್ ಬ್ಲೂ. ಕಲೆಗಟ್ಟಿದ ನಾರಿನ ಅಂಶಕ್ಕೆ ಮ್ಯಾಸನ್ ಟ್ರೈಕ್ರೋಮ್, ಫ್ರಾನ್ಸಿನಿಂದ ಮಾಂಟ್ರಿಯಲ್‌ಗೆ ಹೋಗಿ ನೆಲೆಸಿದ ಪಿಯರ್ ಮ್ಯಾಸನ್ 1929ರಲ್ಲಿ ಕೊಟ್ಟದ್ದು. ಇದರಲ್ಲಿ ಸ್ನಾಯು ಕೆಂಪು, ಕೊಲ್ಲಾಜೆನ್ ನೀಲಿ ಇಲ್ಲವೆ ಹಸಿರು.

ಮ್ಯಾಸನ್ನನ ನೀಲಿಗೆ ಇನ್ನೊಂದು ಕಡೆ ದೊಡ್ಡ ಕೆಲಸವಿದೆ. ಗರ್ಭಕೋಶದ ಒಳಗೋಡೆಗಳು ಗಾಯದ ಕಲೆಯಿಂದ ಒಂದಕ್ಕೊಂದು ಅಂಟಿಕೊಳ್ಳುವುದಕ್ಕೆ ಆಶರ್ಮನ್ ಸಿಂಡ್ರೋಮ್ ಎನ್ನುತ್ತಾರೆ. ಬೇರೆ ದೇಶಗಳಲ್ಲಿ ಹೆಚ್ಚಾಗಿ ಡಿ ಅಂಡ್ ಸಿ, ಅಂದರೆ ಗರ್ಭಕೋಶವನ್ನು ಕೆರೆದು ಶುಚಿ ಮಾಡಿದ ಮೇಲೆ ಬರುವುದು ನಮ್ಮಲ್ಲಿ ಗರ್ಭಕೋಶದ ಕ್ಷಯದಿಂದಲೂ ಬರುತ್ತದೆ. ಈ ಕ್ಷಯವನ್ನು ಪತ್ತೆ ಮಾಡಲು ಒಂದು ಕಾಲಕ್ಕೆ ಹೆಂಗಸಿನ ಒಳಪದರದ ಚೂರನ್ನು ಗಿನಿಪಿಗ್‌ಗೆ ಚುಚ್ಚಿ, ಅದಕ್ಕೆ ಕ್ಷಯ ಹಿಡಿಯುತ್ತದೆಯೇ ಎಂದು ವಾರಗಟ್ಟಲೆ ಕಾಯುತ್ತಿದ್ದರು. ಆಶರ್ಮನ್‌ನ ಇಲಿ ಮಾದರಿಯಲ್ಲಿ ಗರ್ಭಕೊಂಬಿಗೆ ಆಲ್ಕೋಹಾಲ್ ಹಾಕಿ ಸುಡುತ್ತಾರೆ, ಇಲ್ಲವೆ ಕೆರೆಯುತ್ತಾರೆ. ಆಮೇಲೆ ಸ್ಟೆಮ್ ಸೆಲ್ಲೋ ಔಷಧಿಯೋ ಕೊಟ್ಟು, ಸ್ಲೈಡಿನಲ್ಲಿ ಎಷ್ಟು ಶೇಕಡ ನೀಲಿ ಎಂದು ಕಂಪ್ಯೂಟರ್‌ನಿಂದ ಅಳೆಯುತ್ತಾರೆ. ಈ ಶೇಕಡದ ಬಗ್ಗೆ ನನಗೆ ಅನುಮಾನ ಜಾಸ್ತಿ. ಪದರ ಒಂದು ಮೈಕ್ರಾನ್ ಹೆಚ್ಚು ದಪ್ಪವಾದರೆ ನೀಲಿ ಗಾಢವಾಗುತ್ತದೆ. ಬಣ್ಣದ ಬಾಟಲಿ ಬದಲಾದರೆ ಬದಲಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಸ್ಲೈಡಿನ ಯಾವ ಮೂಲೆಯ ಚಿತ್ರ ತೆಗೆದರು ಎಂಬುದರ ಮೇಲೆ ನಿಲ್ಲುತ್ತದೆ. ಯಾವುದು ಔಷಧಿ ಕೊಟ್ಟ ಪ್ರಾಣಿಯ ಸ್ಲೈಡ್ ಎಂದು ಅಳೆಯುವವರಿಗೆ ಗೊತ್ತಿರಬಾರದು. ಗೊತ್ತಿರಲಿಲ್ಲ ಎಂದು ಪ್ರಬಂಧದಲ್ಲಿ ಒಂದು ಸಾಲು ಇಲ್ಲದಿದ್ದರೆ ಆ ಶೇಕಡವನ್ನು ಪಕ್ಕಕ್ಕಿಡುವುದೇ ವಾಸಿ.

ಕಂದು ಬಣ್ಣದ ಭರವಸೆ

ಇಲ್ಲಿಯವರೆಗಿನ ಬಣ್ಣಗಳೆಲ್ಲ ರಸಾಯನದ ಒಲವಿನಿಂದ ಹಿಡಿಯುವಂಥವು. ಒಂದು ನಿರ್ದಿಷ್ಟ ಪ್ರೊಟೀನನ್ನು ಹೆಸರು ಹಿಡಿದು ಹುಡುಕುವ ಬಣ್ಣ ಬಂದದ್ದು 1941ರ ನಂತರ, ಹಾರ್ವರ್ಡ್‌ನ ಆಲ್ಬರ್ಟ್ ಕೂನ್ಸ್ ಪ್ರತಿಕಾಯಗಳಿಗೆ ಹೊಳೆಯುವ ಬಣ್ಣ ಕಟ್ಟಿದ ಮೇಲೆ. 1960ರ ದಶಕದಲ್ಲಿ ಹೊಳಪಿನ ಬದಲು ಪೆರಾಕ್ಸಿಡೇಸ್ ಎಂಬ ಕಿಣ್ವ ಕಟ್ಟಿದರು. ಅದು ತಾನಿದ್ದಲ್ಲಿ ಕಂದು ಕಲೆ ಬಿಡುತ್ತದೆ, ಸಾಮಾನ್ಯ ಮೈಕ್ರೊಸ್ಕೋಪಿನಲ್ಲೇ ಕಾಣುತ್ತದೆ. ಈಸ್ಟ್ರೋಜೆನ್ ಬಂದು ಕೂರುವ ಗ್ರಾಹಿ ಎಂಬ ಪ್ರೊಟೀನು ಎಲ್ಲಿದೆ, ಯಾವ ಕೋಶ ವಿಭಜನೆಯಲ್ಲಿದೆ ಎಂಬುದೆಲ್ಲ ಈಗ ಕಂದುಬಣ್ಣದ ಲೆಕ್ಕ. ವಿಭಜನೆ ತೋರಿಸುವ ಕೆಐ-67 ಹೆಸರಿನ ಮೊದಲರ್ಧ ಜರ್ಮನಿಯ ಕೀಲ್ ಊರಿನದು.

ಗರ್ಭಕೋಶ ಈ ಬಣ್ಣಕ್ಕೆ ಬಲು ತಂಟೆಯ ಅಂಗ. ಕೆಂಪು ರಕ್ತಕಣಗಳು ತಾವೇ ಪೆರಾಕ್ಸಿಡೇಸ್‌ನಂತೆ ನಡೆದುಕೊಳ್ಳುತ್ತವೆ. ಬೆದೆಯ ಇಲಿಯಲ್ಲಿ ತುಂಬಿರುವ ಇಯೋಸಿನೊಫಿಲ್‌ಗಳಲ್ಲಂತೂ ಪೆರಾಕ್ಸಿಡೇಸ್ ಧಾರಾಳ. ಮೊದಲೇ ಹೈಡ್ರೊಜನ್ ಪೆರಾಕ್ಸೈಡ್ ಹಾಕಿ ಅದನ್ನು ಸುಮ್ಮನಾಗಿಸದಿದ್ದರೆ ಪ್ರತಿಕಾಯವೇ ಇಲ್ಲದೆ ಸ್ಲೈಡ್ ಕಂದಾಗುತ್ತದೆ. 1970ರ ದಶಕದಲ್ಲಿ ಷಿಕಾಗೊದ ಸಂಶೋಧಕರು ಇಲಿಯ ಗರ್ಭಕೋಶದ ಪೆರಾಕ್ಸಿಡೇಸ್ ಈಸ್ಟ್ರೋಜೆನ್ ಕೆಲಸ ಮಾಡಿದ್ದಕ್ಕೆ ಗುರುತು ಎಂದು ಬರೆದಿದ್ದರು. ಗುರುತೇನೋ ನಿಜ. ಆದರೆ ಅದನ್ನು ಹೊತ್ತು ತಂದದ್ದು ಗರ್ಭಕೋಶದ ಕೋಶಗಳಿಗಿಂತ ಹೆಚ್ಚಾಗಿ ಅಲ್ಲಿಗೆ ನೆಂಟರಾಗಿ ಬಂದ ಇಯೋಸಿನೊಫಿಲ್‌ಗಳು ಎಂದು ಆಮೇಲೆ ತಿಳಿಯಿತು. ಇನ್ನೊಂದು ತಂಟೆ: ಹಲವು ಪ್ರತಿಕಾಯಗಳು ಸುಂಡಿಲಿಯಲ್ಲೇ ತಯಾರಾದವು. ಅವನ್ನು ಸುಂಡಿಲಿಯ ಅಂಗಾಂಶದ ಮೇಲೆ ಹಾಕಿದರೆ, ಅವನ್ನು ಹುಡುಕಿ ಬಣ್ಣ ಬರಿಸಲೆಂದು ಮೇಲೆ ಹಾಕುವ ಎರಡನೇ ಪ್ರತಿಕಾಯ ಆ ಪ್ರಾಣಿಯ ಸ್ವಂತ ಪ್ರತಿಕಾಯಗಳನ್ನೂ ಹಿಡಿದು ಎಲ್ಲ ಕಡೆ ಮಸಿ ಬಳಿಯುತ್ತದೆ.

ಇವೆಲ್ಲ ಎಚ್ಚರವಿದ್ದರೆ ತಪ್ಪಿಸಬಹುದಾದವು. ಎಚ್ಚರವಿದ್ದವರನ್ನೂ ಬೀಳಿಸಿದ್ದು ಈಸ್ಟ್ರೋಜೆನ್ ಗ್ರಾಹಿ ಬೀಟಾ. ಈಸ್ಟ್ರೋಜೆನ್ನಿಗೆ ಇರುವುದು ಒಂದೇ ಗ್ರಾಹಿ ಎಂದು ದಶಕಗಳ ಕಾಲ ತಿಳಿದಿದ್ದರು. 1996ರಲ್ಲಿ ಸ್ವೀಡನ್ನಿನಲ್ಲಿ ಯಾನ್-ಓಕೆ ಗುಸ್ತಾಫ್ಸನ್ ತಂಡ ಎರಡನೆಯದನ್ನು ಇಲಿಯ ಪ್ರಾಸ್ಟೇಟ್‌ನಲ್ಲಿ ಪತ್ತೆ ಮಾಡಿತು. ಕೂಡಲೇ ಮಾರುಕಟ್ಟೆಗೆ ಪ್ರತಿಕಾಯಗಳು ಬಂದವು. ಗರ್ಭಕೋಶ, ಸ್ತನ, ಎಲ್ಲೆಡೆ ಬೀಟಾ ಕಂದಾಗಿ ಕಂಡಿತು. ಎಂಡೊಮೆಟ್ರಿಯೋಸಿಸ್ ಪ್ರಬಂಧಗಳಲ್ಲಂತೂ ಅದಕ್ಕೆ ನಾಯಕನ ಪಾತ್ರ. 2017ರಲ್ಲಿ ಸ್ವೀಡನ್ನಿನ ಸಂಶೋಧಕರೇ ಅಂಥ 13 ಪ್ರತಿಕಾಯಗಳನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿದರು. ಬೀಟಾವನ್ನೇ, ಬೀಟಾವನ್ನಷ್ಟೇ ಹಿಡಿದದ್ದು ಒಂದು ಮಾತ್ರ. ಎಲ್ಲರೂ ಹೆಚ್ಚಾಗಿ ಬಳಸಿದ್ದು ಅದನ್ನಲ್ಲ. ಆರ್‌ಎನ್‌ಎ ಅಳೆದು ಬರೆದ ಪ್ರಬಂಧಗಳಿಗೆ ಇದರಿಂದ ಧಕ್ಕೆಯಿಲ್ಲ. ಆದರೆ ಬರೀ ಕಂದು ಬಣ್ಣವನ್ನು ನೆಚ್ಚಿದ ಇಪ್ಪತ್ತು ವರ್ಷದ ರಾಶಿಯಲ್ಲಿ ಯಾವುದು ಕಾಳು, ಯಾವುದು ಜೊಳ್ಳು ಎಂದು ಈಗ ಬೇರ್ಪಡಿಸುವುದು ಯಾರಿಂದಲೂ ಆಗದ ಮಾತು.

ಇಷ್ಟೆಲ್ಲ ಓದಿ ಇಲಿ ಸ್ಲೈಡುಗಳನ್ನೇ ತಳ್ಳಿಹಾಕಬೇಕಿಲ್ಲ. ಗರ್ಭಪಾತ ತಡೆಯಲೆಂದು ಅಮೆರಿಕದಲ್ಲಿ ಬಸುರಿಯರಿಗೆ ಕೊಡುತ್ತಿದ್ದ ಡಿಇಎಸ್ ಎಂಬ ಕೃತಕ ಈಸ್ಟ್ರೋಜೆನ್ನಿನ ವಿಷಯದಲ್ಲಿ ಅವು ಸುಳ್ಳಾಡಲಿಲ್ಲ. 1971ರಲ್ಲಿ ಬಾಸ್ಟನ್ನಿನ ಆರ್ಥರ್ ಹರ್ಬ್ಸ್ಟ್ ಅಪರೂಪದ ಯೋನಿಕ್ಯಾನ್ಸರ್ ಬಂದ ಎಂಟು ಯುವತಿಯರನ್ನು ವಿಚಾರಿಸಿದಾಗ ಏಳು ಮಂದಿಯ ತಾಯಂದಿರು ಬಸುರಿಯಾಗಿದ್ದಾಗ ಆ ಮಾತ್ರೆ ನುಂಗಿದ್ದರು. ಆಮೇಲೆ ಜಾನ್ ಮ್ಯಾಕ್ಲಾಕ್ಲನ್, ರೀತಾ ನ್ಯೂಬೋಲ್ಡ್ ಮುಂತಾದವರು ಹುಟ್ಟಿದ ಮೊದಲ ಐದು ದಿನ ಡಿಇಎಸ್ ಪಡೆದ ಸುಂಡಿಲಿ ಮರಿಗಳನ್ನು ಬೆಳೆಸಿ ನೋಡಿದರು. 18 ತಿಂಗಳಿಗೆ ಅವುಗಳ ಗರ್ಭಕೋಶ ಕತ್ತರಿಸಿ ಬಣ್ಣ ಹಾಕಿದಾಗ ಶೇ. 90ರಲ್ಲಿ ಕ್ಯಾನ್ಸರ್ ಇತ್ತು. ಐದು ದಿನದ ಹಾರ್ಮೋನು ವರ್ಷದ ಮೇಲೆ ಕಾಯಿಲೆಯಾಗಿ ಏಳಬಲ್ಲದು ಎಂಬುದನ್ನು ಹಳೆಯ ಎಚ್ ಅಂಡ್ ಇ ಬಣ್ಣವೇ ತೋರಿಸಿತು.

ಬಣ್ಣಕ್ಕೆ ಹತ್ತದ್ದು

ಎಂಡೊಮೆಟ್ರಿಯೋಸಿಸ್‌ನಲ್ಲಿ ಪ್ರಾಣಿ ಮಾದರಿಗಳು ಪೆಟ್ಟು ತಿಂದದ್ದು ಬೇರೆ ಕಡೆ. ಆಸ್ಟಿಯೊಪೊರೋಸಿಸ್‌ಗೆ ಕೊಡುವ ರಾಲಾಕ್ಸಿಫೀನ್ ಮಾತ್ರೆ ಇಲಿಯ ಹೊಟ್ಟೆಯ ಗುಳ್ಳೆಗಳನ್ನು ಕುಗ್ಗಿಸಿತ್ತು. ಅದನ್ನು ನೆಚ್ಚಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ, ಶಸ್ತ್ರಚಿಕಿತ್ಸೆಯಾದ 93 ಹೆಂಗಸರ ಮೇಲೆ ಪರೀಕ್ಷೆ ನಡೆಯಿತು. ಅರ್ಧ ಜನಕ್ಕೆ ಮಾತ್ರೆ, ಉಳಿದವರಿಗೆ ಹುಸಿಮಾತ್ರೆ. 2008ರಲ್ಲಿ ಫಲಿತಾಂಶ ಬಂತು: ರಾಲಾಕ್ಸಿಫೀನ್ ನುಂಗಿದವರಿಗೇ ನೋವು ಬೇಗ ಮರಳಿತ್ತು, ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಬೇಕಾಗಿ ಬಂದಿತ್ತು. ಅದೇ ವರ್ಷ ಬೆಲ್ಜಿಯಂನ ಲೂವೆನ್‌ನಿಂದ ಇನ್ನೊಂದು ಸುದ್ದಿ. ಉರಿಯೂತದ ಟಿಎನ್‌ಎಫ್ ಎಂಬ ಪ್ರೊಟೀನನ್ನು ತಡೆದರೆ ಕೀನ್ಯಾದಲ್ಲಿ ಸಾಕಿದ ಬಬೂನ್‌ಗಳಲ್ಲಿ ಕಾಯಿಲೆ ತಗ್ಗಿತ್ತು. ಅದನ್ನೇ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಕೊಟ್ಟ ಹೆಂಗಸರ ನೋವು ಕಡಿಮೆಯಾಗಲಿಲ್ಲ.

ಸ್ಲೈಡ್ ಅಳೆದದ್ದು ಗಾಯದ ಗಾತ್ರವನ್ನು. ಡಾಕ್ಟರ ಬಳಿ ಹೆಂಗಸು ಬಂದದ್ದು ನೋವಿಗೆ. ಇವೆರಡಕ್ಕೂ ತಾಳೆಯಿಲ್ಲ ಎಂಬುದು ಸ್ತ್ರೀರೋಗ ತಜ್ಞರಿಗೆ ಹಳೆಯ ವಿಷಯ: ಹೊಟ್ಟೆ ತುಂಬ ಕಾಯಿಲೆ ಇದ್ದೂ ನೋವಿಲ್ಲದವರಿದ್ದಾರೆ, ನಾಲ್ಕು ಚುಕ್ಕಿಗೆ ಹಾಸಿಗೆ ಹಿಡಿದವರಿದ್ದಾರೆ. ಹೊಸದೆಂದರೆ, ಪ್ರಾಣಿಯನ್ನು ಅಳೆಯುವ ಕೋಲೇ ತಪ್ಪಿದ್ದು.

ಫ್ಲಾರಿಡ ಸ್ಟೇಟ್ ವಿಶ್ವವಿದ್ಯಾಲಯದ ಕ್ಯಾರೆನ್ ಬರ್ಕ್ಲಿ ಈ ಕೋಲನ್ನು ಮೊದಲೇ ಬದಲಿಸಿದ್ದರು. ವರ್ನನ್ ಮಾದರಿಯ ಇಲಿಗಳನ್ನೇ ತೆಗೆದುಕೊಂಡು, ಯೋನಿಯೊಳಗೆ ಒತ್ತಡ ಏರಿಸುತ್ತ ಎಷ್ಟಕ್ಕೆ ಇಲಿ ತಪ್ಪಿಸಿಕೊಳ್ಳಲು ನೋಡುತ್ತದೆ ಎಂದು ಅಳೆದರು. ಗರ್ಭಕೋಶದ ಚೂರಿನ ಬದಲು ಕೊಬ್ಬಿನ ಚೂರು ಹೊಲಿಸಿಕೊಂಡ ಇಲಿಗಳು ಹೋಲಿಕೆಗೆ. ಕಾಯಿಲೆಯ ಇಲಿಗಳಿಗೆ ನೋವು ಹೆಚ್ಚು. ಈಸ್ಟ್ರೋಜೆನ್ ಏರುವ, ಬೆದೆಗೆ ಮುಂಚಿನ ಹಂತದಲ್ಲಿ ಇನ್ನೂ ಹೆಚ್ಚು. 2004ರಲ್ಲಿ ಆ ಗುಳ್ಳೆಗಳನ್ನು ಕತ್ತರಿಸಿ ಪಿಜಿಪಿ 9.5 ಎಂಬ ನರಗುರುತಿಗೆ ಬಣ್ಣ ಹಾಕಿದರು. ಅದುವರೆಗೆ ಯಾರೂ ಅಷ್ಟಾಗಿ ನೋಡದ ಜಾಗದಲ್ಲಿ ನರತಂತುಗಳಿದ್ದವು, ನೋವಿನ ಸುದ್ದಿ ಒಯ್ಯುವಂಥವೂ ಸೇರಿ. ಹೊಲಿದ ಅಂಗಾಂಶ ರಕ್ತನಾಳದ ಜೊತೆಗೆ ನರವನ್ನೂ ಎಳೆದುಕೊಂಡಿತ್ತು. ಇಪ್ಪತ್ತು ವರ್ಷದಿಂದ ಲ್ಯಾಬುಗಳಲ್ಲಿ ಇದ್ದ ಮಾದರಿ ಅದು. ಸರಿಯಾದ ಬಣ್ಣ ಹಾಕಿ ಕೇಳುವವರು ಬೇಕಿತ್ತು.

ಎರಡು ವರ್ಷದ ಮೇಲೆ ಸಿಡ್ನಿಯ ತಂಡ ಅದೇ ಪಿಜಿಪಿ 9.5 ಬಣ್ಣವನ್ನು ಹೆಂಗಸರ ಗರ್ಭಕೋಶದ ಒಳಪದರಕ್ಕೆ ಹಾಕಿತು. ಎಂಡೊಮೆಟ್ರಿಯೋಸಿಸ್ ಇದ್ದವರ ಪದರದಲ್ಲಿ ಸಣ್ಣ ನರತಂತುಗಳು ಕಂಡವು, ಇಲ್ಲದವರಲ್ಲಿ ಕಾಣಲಿಲ್ಲ. ಹೊಟ್ಟೆಗೆ ರಂಧ್ರ ಕೊರೆಯುವ ಲ್ಯಾಪರೊಸ್ಕೋಪಿ ಇಲ್ಲದೆ ಒಂದು ಚಿಕ್ಕ ಬಯಾಪ್ಸಿಯಲ್ಲಿ ಕಾಯಿಲೆ ಪತ್ತೆಯಾದೀತು ಎಂದು ಎಲ್ಲರಿಗೂ ಹುರುಪು. ಆಮೇಲಿನ ಅಧ್ಯಯನಗಳು ಒಂದಕ್ಕೊಂದು ಹೊಂದಲಿಲ್ಲ, ಪರೀಕ್ಷೆ ಆಸ್ಪತ್ರೆಗಳಲ್ಲಿ ರೂಢಿಗೆ ಬರಲಿಲ್ಲ. ಪ್ರಾಣಿಶಾಲೆಗಳಲ್ಲಿ ಮಾತ್ರ ಪದ್ಧತಿ ಬದಲಾಗುತ್ತಿದೆ. ಈಚಿನ ಹಲವು ಪ್ರಬಂಧಗಳಲ್ಲಿ ಗುಳ್ಳೆಯ ಗಾತ್ರ, ಮ್ಯಾಸನ್ ನೀಲಿ, ಕೆಐ-67 ಕಂದಿನ ಜೊತೆಗೆ ಇನ್ನೊಂದು ಪಟ್ಟಿಯೂ ಇರುತ್ತದೆ: ಕೊಲ್ಲುವ ಮುಂಚಿನ ವಾರಗಳಲ್ಲಿ ಆ ಸುಂಡಿಲಿ ಎಷ್ಟು ಓಡಾಡಿತು, ಹೊಟ್ಟೆಯನ್ನು ಎಷ್ಟು ಸಲ ನೆಕ್ಕಿಕೊಂಡಿತು, ಹೊಟ್ಟೆಗೆ ತೆಳು ತಂತಿ ತಾಕಿಸಿದಾಗ ಎಷ್ಟಕ್ಕೆ ಬೆಚ್ಚಿತು, ಆ ದಿನ ಬೆದೆಯ ಯಾವ ಹಂತದಲ್ಲಿತ್ತು.